ಬಾಸ್ ನುಡಿಸಿದವರಿಗೆ ಬಾಲ್ಕನಿ

ಜೆನಿಫರ್ ಲೋಪೆಜ್ ಪಿಯಾನೋ ಹತ್ತಿ ಕುಣಿದ ವಿಡಿಯೋ ಮತ್ತೆ ಫೋನುಗಳಲ್ಲಿ ಸುತ್ತುತ್ತಿದೆ. ಅದೇ, 2019ರ ಫೆಬ್ರವರಿಯ ಗ್ರ್ಯಾಮಿ. ಅದೇ ಮೋಟೌನ್ ರೆಕಾರ್ಡ್ ಕಂಪನಿಗೆ ಗೌರವಾರ್ಪಣೆ. ಡೆಟ್ರಾಯ್ಟ್‌ನ ಕಪ್ಪು ಹುಡುಗ ಹುಡುಗಿಯರು ಕಟ್ಟಿದ ಸಂಗೀತಕ್ಕೆ ನಮಸ್ಕಾರ ಹೇಳೋಕೆ ಕಪ್ಪು ಮೂಲದವರಲ್ಲದ ಇವರೇ ಯಾಕೆ ಅಂತ ಆಗಲೇ ಎಲ್ಲರೂ ಬೈದು ಮುಗಿಸಿದ್ದರು. ಮೋಟೌನ್ ಇರೋದೇ ಎಲ್ಲರಿಗಾಗಿ, ಬುದ್ಧಿ ಇದ್ದವರು ಇದಕ್ಕೆಲ್ಲ ಸಿಟ್ಟಾಗಲ್ಲ ಅನ್ನೋ ಅರ್ಥದಲ್ಲಿ ಮೋಟೌನ್‌ನ ಹಳೆ ಗಾಯಕ ಸ್ಮೋಕಿ ರಾಬಿನ್ಸನ್ ಮಾತಾಡಿದರು. ಮನೆ ಹಿರಿಯರೇ ಹೇಳಿದ ಮೇಲೆ ಮುಗೀತು ಅಲ್ವಾ. ನನ್ನ ತಕರಾರೂ ಆಕೆಯ ಮೇಲಲ್ಲ. ಕರೆದರು, ಬಂದರು, ಕುಣಿದರು. ಪಿಯಾನೋ ಗಟ್ಟಿ ಇತ್ತು, ತಡೆದುಕೊಂಡಿತು.

ನನಗೆ ನಗು ಬಂದದ್ದು ಹಾಡುಗಳ ಪಟ್ಟಿ ನೋಡಿ. ಅದರಲ್ಲಿ 'ಮನಿ' ಇತ್ತು. 1959ರ ಹಾಡು. ಬೆರಿ ಗಾರ್ಡಿ ಮನೆಯವರ ಹತ್ತಿರ 800 ಡಾಲರ್ ಸಾಲ ತಗೊಂಡು ಶುರು ಮಾಡಿದ ಈ ಮೋಟೌನ್ ಕಂಪನಿಗೆ ಮೊದಲು ಕೈಹಿಡಿದ ಹಿಟ್. ಹಾಡಿದವರು ಬ್ಯಾರೆಟ್ ಸ್ಟ್ರಾಂಗ್. ಬರೆದವರಲ್ಲಿ ನಾನೂ ಒಬ್ಬ ಅಂತ ಅವರು ಹೇಳುತ್ತಿದ್ದರು. ಕಾಪಿರೈಟ್ ಕಚೇರಿಯ ದಾಖಲೆಯಲ್ಲಿ ಮೊದಲು ಅವರ ಹೆಸರಿತ್ತು. ಮೂರು ವರ್ಷಕ್ಕೆ ಹೋಯಿತು. 1987ರಲ್ಲಿ ಮತ್ತೆ ಬಂತು. ಮರುವರ್ಷ ಮತ್ತೆ ಹೋಯಿತು. ನಮ್ಮ ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಬಂದು ಹೋಗುವ ಹಾಗೆ. ಮೊದಲು ಹೆಸರು ಸೇರಿಸಿದ್ದೇ ಗುಮಾಸ್ತರ ತಪ್ಪು ಅಂತ ಗಾರ್ಡಿ ಕಡೆಯ ವಕೀಲರು. ಪಾಪದ ಗುಮಾಸ್ತ, ಎಲ್ಲ ದೇಶದಲ್ಲೂ ಅವನದೇ ತಪ್ಪು.

ಅಂದರೆ ದುಡ್ಡು ಬೇಕು ದುಡ್ಡು ಬೇಕು ಅಂತ ಹಾಡಿದವರು ಆ ಹಾಡಿನ ರಾಯಲ್ಟಿ ಕಾಣಲಿಲ್ಲ ಅಂತ ದೂರುತ್ತಲೇ ಇದ್ದರು. ಗ್ರ್ಯಾಮಿಯಲ್ಲಿ ಅದೇ ಹಾಡಿಗೆ ಮಿಣಮಿಣ ಬಟ್ಟೆ ಹಾಕಿ ಸೊಂಟ ತಿರುಗಿಸಿದ ರಾತ್ರಿ ಸ್ಟ್ರಾಂಗ್ ಬದುಕಿದ್ದರು. 78 ವರ್ಷ. 2023ರ ಜನವರಿಯಲ್ಲಿ ತೀರಿಕೊಂಡರು. ಕೊಟ್ಟವನು ಕೋಡಂಗಿ, ಈಸ್ಕೊಂಡವನು ಈರಭದ್ರ ಅನ್ನೋ ಗಾದೆ ಡೆಟ್ರಾಯ್ಟ್‌ಗೂ ತಲುಪಿದೆ.

ಈ ಟಿವಿ ಗೌರವ ಕಾರ್ಯಕ್ರಮಗಳ ಅಚ್ಚು ಒಂದೇ. ಪರದೆ ಮೇಲೆ ಕಪ್ಪು ಬಿಳುಪು ಫೋಟೋಗಳು ನಿಧಾನವಾಗಿ ಸರಿಯುತ್ತವೆ. ಒಬ್ಬ ನಟ ಬಂದು ಈ ಸಂಗೀತ ನನ್ನ ಬಾಲ್ಯ ಅನ್ನುತ್ತಾನೆ. ಕಣ್ಣು ಮಾತ್ರ ಎದುರಿಗಿರುವ ಟೆಲಿಪ್ರಾಂಪ್ಟರ್ ಮೇಲೆ. ಬಾಲ್ಯವನ್ನೂ ಓದಿ ಹೇಳಬೇಕು ನೋಡಿ. ಆಮೇಲೆ ಹೊಸ ಗಾಯಕಿ ಬಂದು ಒಂದು ಅಕ್ಷರಕ್ಕೆ ಹದಿನಾರು ತಿರುವು ಕೊಟ್ಟು, ಎರಡೂವರೆ ನಿಮಿಷದ ಹಾಡನ್ನು ಎಳೆದೂ ಎಳೆದೂ ಸುಸ್ತು ಮಾಡುತ್ತಾಳೆ. ಮಧ್ಯೆ ಮಧ್ಯೆ ಕ್ಯಾಮೆರಾ ಮುಂದಿನ ಸಾಲಿನ ತಾರೆಯರ ಮುಖಕ್ಕೆ. ಅವರು ಕಣ್ಣು ಮುಚ್ಚಿ ತಲೆ ಆಡಿಸುತ್ತಾರೆ. ಕೆಂಪು ದೀಪ ಹೊತ್ತಿದಾಗ ಜಾಸ್ತಿ ಆಡಿಸುತ್ತಾರೆ.

ಆ ಮುಂದಿನ ಸಾಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಮೆರಿಕದ ಪ್ರಶಸ್ತಿ ಸಮಾರಂಭಗಳಲ್ಲಿ ಸೀಟ್ ಫಿಲ್ಲರ್ ಅಂತ ಒಂದು ಕೆಲಸ ಇದೆ. ತಾರೆಯೊಬ್ಬರು ಟಾಯ್ಲೆಟ್‌ಗೆ ಎದ್ದು ಹೋದರೆ ಆ ಕುರ್ಚಿ ಖಾಲಿ ಕಾಣಬಾರದು. ಕೋಟು ಗೌನು ಹಾಕಿ ರೆಡಿ ನಿಂತ ಯಾರಾದರೂ ಓಡಿ ಬಂದು ಕೂರಬೇಕು. ತಾರೆ ವಾಪಸ್ ಬಂದರೆ ಎದ್ದು ಜಾಗ ಬಿಡಬೇಕು. ಮೈಮೇಲೆ ಬಿದ್ದು ಮಾತಾಡಿಸೋ ಹಾಗಿಲ್ಲ. ಸಾಮಾನ್ಯವಾಗಿ ಸಂಬಳವೂ ಇಲ್ಲ. ಎಂಥಾ ಮುತುವರ್ಜಿ ನೋಡಿ! ಒಂದು ಕುರ್ಚಿ ಐದು ನಿಮಿಷ ಖಾಲಿ ಇದ್ದರೆ ಟಿವಿಯವರ ಹೊಟ್ಟೆಯಲ್ಲಿ ತಳಮಳ. ಹಾಡು ಕಟ್ಟಿದವರ ಜಾಗ ಐವತ್ತು ವರ್ಷ ಖಾಲಿ ಇದ್ದರೂ ಯಾರ ಕಣ್ಣಿಗೂ ಬೀಳಲ್ಲ.

ಜೇಮ್ಸ್ ಜೇಮರ್ಸನ್ ಕಥೆ ಕೇಳಿದವರು ಕೇಳಿರುತ್ತೀರಿ. ಮೋಟೌನ್ ಹಾಡುಗಳ ಹೊಟ್ಟೆಯಲ್ಲಿ ಗುಂಯ್‌ಗುಟ್ಟುವ ಬಾಸ್ ಗಿಟಾರ್ ಇದೆಯಲ್ಲ, ಬಹುಪಾಲು ಅವರ ಕೈ. ಡೆಟ್ರಾಯ್ಟ್‌ನ ವೆಸ್ಟ್ ಗ್ರ್ಯಾಂಡ್ ಬೊಲಿವಾರ್ಡ್ ರಸ್ತೆಯ ಒಂದು ಪುಟ್ಟ ಮನೆಯ ಸ್ಟುಡಿಯೋದಲ್ಲಿ ಕೂತು ನುಡಿಸುತ್ತಿದ್ದರು. 1971ರವರೆಗೆ ಮೋಟೌನ್ ತನ್ನ ಆಲ್ಬಂಗಳ ಮೇಲೆ ಈ ವಾದ್ಯಗಾರರ ಹೆಸರೇ ಹಾಕುತ್ತಿರಲಿಲ್ಲ. 1972ರಲ್ಲಿ ಕಂಪನಿ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿತು. ವಾದ್ಯಗಾರರಿಗೆ ಗೊತ್ತಾಗಿದ್ದು ಸ್ಟುಡಿಯೋ ಬಾಗಿಲಿಗೆ ಅಂಟಿಸಿದ ಚೀಟಿಯಿಂದ ಅಂತ ಅವರೇ ಹೇಳಿಕೊಂಡಿದ್ದಾರೆ.

1983ರ ಮಾರ್ಚ್‌ನಲ್ಲಿ ಮೋಟೌನ್‌ನ 25ನೇ ವರ್ಷದ ದೊಡ್ಡ ಟಿವಿ ಹಬ್ಬ. ಪ್ಯಾಸಡೀನಾದ ಸಭಾಂಗಣ. ಮೈಕೆಲ್ ಜಾಕ್ಸನ್ ಮೂನ್‌ವಾಕ್ ಮಾಡಿ ಹಿಂದಕ್ಕೆ ಜಾರಿದ್ದು ಅಲ್ಲೇ, ಅದೂ ಬೇರೆ ಕಂಪನಿಗೆ ಮಾಡಿದ ಹಾಡಿಗೆ. ಜೇಮರ್ಸನ್‌ಗೆ ಕರೆ ಬರಲಿಲ್ಲ. ಬ್ಲ್ಯಾಕ್‌ನಲ್ಲಿ ಟಿಕೆಟ್ ತಗೊಂಡು ಬಾಲ್ಕನಿಯಲ್ಲಿ ಕೂತು ನೋಡಿದರಂತೆ. ತಾನು ಹಾಕಿದ ಬಾಸ್ ಬೇರೆಯವರ ಕೈಯಲ್ಲಿ ಕೇಳುತ್ತಾ. ಆಗಸ್ಟ್‌ನಲ್ಲಿ ತೀರಿಕೊಂಡರು. 47 ವರ್ಷ.

ಅದೇ ವೇದಿಕೆಯಲ್ಲಿ ಇಂಗ್ಲೆಂಡಿನ ಪಾಪ್ ಗಾಯಕ ಆ್ಯಡಮ್ ಆ್ಯಂಟ್ ಅವರಿಗೆ ಮೋಟೌನ್‌ನದೇ ಸುಪ್ರೀಮ್ಸ್ ತಂಡದ ಒಂದು ಹಾಡು ಸಿಕ್ಕಿತು. ಯಾಕೆ ಅಂತ ಕೇಳಬೇಡಿ, ಆಗ ಅವರು ಹುಡುಗರಿಗೆ ಫೇವರಿಟ್ಟು. ಮೋಟೌನ್‌ನದೇ ಗಾಯಕಿಯರಾದ ಮಾರ್ಥಾ ರೀವ್ಸ್, ಮೇರಿ ವೆಲ್ಸ್ ಅವರಿಗೆ ಮೆಡ್ಲಿಯಲ್ಲಿ, ಅಂದರೆ ಹಾಡುಗಳ ತುಣುಕು ಪೋಣಿಸಿದ ಮಾಲೆಯಲ್ಲಿ, ಒಂದೊಂದು ತುಣುಕು. ಮೇರಿ ವೆಲ್ಸ್ ಅಂದರೆ 1964ರಲ್ಲೇ ಅಮೆರಿಕದ ನಂಬರ್ ಒನ್ ಹಾಡು ಕೊಟ್ಟವರು. ಆಮೇಲೆ ಗಂಟಲು ಕ್ಯಾನ್ಸರ್ ಬಂತು. ಆರೋಗ್ಯ ವಿಮೆ ಇರಲಿಲ್ಲ, ಬಾಡಿಗೆ ಕಟ್ಟೋಕೂ ಆಗಲಿಲ್ಲ. ಸ್ನೇಹಿತರು, ಹಳೆ ಗಾಯಕರು ಸೇರಿ ಚಂದಾ ಎತ್ತಿದರು. 1992ರಲ್ಲಿ ಹೋದರು. ಇದರಲ್ಲಿ ತಮಾಷೆ ಮಾಡೋಕೆ ನನಗೆ ಏನೂ ಸಿಗುತ್ತಿಲ್ಲ. ಕಂಪನಿ 1988ರಲ್ಲಿ 6.1 ಕೋಟಿ ಡಾಲರ್‌ಗೆ ಮಾರಾಟವಾಗಿತ್ತು ಅಂತ ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಮೋಟೌನ್‌ನ ಹೊರಗೂ ಇದೇ ಕಥೆ. ಕಪ್ಪು ಅಮೆರಿಕನ್ನರ ಸೋಲ್ ಸಂಗೀತದ ಗಾಯಕಿ ಅರೀಥಾ ಫ್ರಾಂಕ್ಲಿನ್ ತೀರಿಕೊಂಡಾಗ ಆದದ್ದಂತೂ ಬಲು ಮಜಾ. 2018ರ ಆಗಸ್ಟ್ 16. ಫಾಕ್ಸ್ ನ್ಯೂಸ್ ಶ್ರದ್ಧಾಂಜಲಿ ಹಾಕಿತು. ಹಿಂದಿದ್ದ ಚಿತ್ರ ಇನ್ನೊಬ್ಬ ಗಾಯಕಿ ಪ್ಯಾಟಿ ಲಬೆಲ್ ಅವರದು. ಅವರು ಆರಾಮವಾಗಿದ್ದರು. ಜನ ಉಗಿದ ಮೇಲೆ ಬಂದ ವಿವರಣೆ ಇನ್ನೂ ಸೊಗಸು. ಇಬ್ಬರೂ ಒಟ್ಟಿಗೆ ಹಾಡುವ ಚಿತ್ರ ಹಾಕೋ ಉದ್ದೇಶ ಇತ್ತಂತೆ, ಹಾಕುವಾಗ ಅರೀಥಾ ಮರೆಯಾಗಿಬಿಟ್ಟರಂತೆ. ಇದಕ್ಕಿಂತ ಪ್ರಾಮಾಣಿಕವಾಗಿ ಈ ಇಡೀ ಉದ್ಯಮದ ಬಗ್ಗೆ ಯಾರೂ ಮಾತಾಡಿಲ್ಲ.

ನಾಲ್ಕು ದಿನ ಬಿಟ್ಟು ಎಂಟಿವಿ ಪ್ರಶಸ್ತಿ. ಮಡೋನಾ ಬಂದರು. ನಿಮಿಷಗಟ್ಟಲೆ ಮಾತಾಡಿದರು. ತಾವು ಡೆಟ್ರಾಯ್ಟ್ ಬಿಟ್ಟದ್ದು, ಕೈಯಲ್ಲಿ ಕಾಸಿಲ್ಲದ್ದು, ಒಂದು ಆಡಿಷನ್ನಿಗೆ ಹೋಗಿ ಅರೀಥಾ ಹಾಡಿದ ಹಾಡು ಹೇಳಿದ್ದು, ಅದರಿಂದ ಬದುಕು ತಿರುಗಿದ್ದು. ಅರೀಥಾ ಆ ಕಥೆಯಲ್ಲಿ ಹಾಗೆ ಬಂದು ಹೀಗೆ ಹೋದರು. ಮಾರನೇ ದಿನ ಬೈಗುಳ ಬಿದ್ದಾಗ, ಅದು ಶ್ರದ್ಧಾಂಜಲಿ ಅಲ್ಲವೇ ಅಲ್ಲ, ಒಂದು ನೆನಪು ಹೇಳಿ ಅಂದರು ಹೇಳಿದೆ ಅಂದರು. ಸತ್ಯ ಇರಬಹುದು. ನಮ್ಮಲ್ಲಿ ಸಂತಾಪ ಸಭೆಗೆ ಹೋದವರಿಗೆ ಇದೇನು ಹೊಸದಲ್ಲ. ಅವರು ನನ್ನನ್ನು ಎಷ್ಟು ಮೆಚ್ಚುತ್ತಿದ್ದರು ಅಂದರೆ, ಅಂತಲೇ ಶುರುವಾಗುತ್ತದೆ.

ಒಂದು ಸಲ ಸರಿಯಾಗಿ ಆಗಿದೆ, ಅದನ್ನೂ ಹೇಳಬೇಕು. ಅಮೆರಿಕದಲ್ಲಿ ಕಲಾವಿದರಿಗೆ ಕೊಡುವ ಕೆನಡಿ ಸೆಂಟರ್ ಗೌರವ, 2015ರದು. ಗೌರವ ಹಾಡು ಬರೆಯುವ ಕ್ಯಾರಲ್ ಕಿಂಗ್ ಅವರಿಗೆ, ಹಾಡಿದ್ದು ಅರೀಥಾ. ಉದ್ದನೆ ತುಪ್ಪಳದ ಕೋಟು ಹಾಕಿ ಬಂದರು. ಕೈಚೀಲವನ್ನು ಪಿಯಾನೋ ಮೇಲಿಟ್ಟರು. ಯಾರನ್ನೂ ನಂಬಿ ಕೈಚೀಲ ಬಿಟ್ಟು ಬರುವವರಲ್ಲ ಆಕೆ. ಸಂಭಾವನೆ ನಗದಾಗಿ ಕೈಗೆ ಬರಬೇಕು ಅನ್ನೋದು ಅವರ ಪ್ರಸಿದ್ಧ ನಿಯಮ. ತಾವೇ ಪಿಯಾನೋ ನುಡಿಸಿದರು, ಕೊನೆಗೆ ಎದ್ದು ಕೋಟು ಕೆಳಗೆ ಬಿಟ್ಟರು. ಮೇಲೆ ಬಾಲ್ಕನಿಯಲ್ಲಿ ಕ್ಯಾರಲ್ ಕಿಂಗ್ ಕುಣಿದಾಡಿದರು, ಒಬಾಮಾ ಕಣ್ಣೊರೆಸಿಕೊಂಡರು. 73 ವರ್ಷದ ಹೆಂಗಸು. ತಿರುವು ಮುರುವು ಎಲ್ಲ ಅಳತೆಗೆ ತಕ್ಕಷ್ಟೇ.

ಆ ಕೈಚೀಲದ ಹಿಂದೆ ಒಂದು ಲೆಕ್ಕ ಇದೆ. 'ರೆಸ್ಪೆಕ್ಟ್' ಹಾಡು ಬರೆದದ್ದು ಸೋಲ್ ಗಾಯಕ ಓಟಿಸ್ ರೆಡಿಂಗ್, 1965ರಲ್ಲಿ. ಅದನ್ನು ಜಗತ್ತಿಗೆಲ್ಲ ಗೊತ್ತು ಮಾಡಿದ್ದು 1967ರಲ್ಲಿ ಅರೀಥಾ. ಅಮೆರಿಕದ ಮಾಮೂಲಿ ರೇಡಿಯೋದಲ್ಲಿ ಆ ಹಾಡು ಬಂದಾಗಲೆಲ್ಲ ಬರೆದವರ ಕಡೆಗೆ ದುಡ್ಡು ಹೋಗುತ್ತದೆ. ಹಾಡಿದವರಿಗೆ ಒಂದು ಪೈಸೆ ಇಲ್ಲ. ವಾದ್ಯ ನುಡಿಸಿದವರಿಗೂ ಇಲ್ಲ. ಕಾನೂನೇ ಹಾಗೆ. ಇಂಟರ್ನೆಟ್, ಸ್ಯಾಟಲೈಟ್ ರೇಡಿಯೋದವರು ಕೊಡಬೇಕು. ಆದರೆ 1972ಕ್ಕಿಂತ ಹಿಂದಿನ ಧ್ವನಿಮುದ್ರಣಕ್ಕೆ ಫೆಡರಲ್ ಕಾನೂನಿನ ರಕ್ಷಣೆಯೇ ಇರಲಿಲ್ಲ. ಸೋಲ್ ಸಂಗೀತದ ಚಿನ್ನದ ಕಾಲವೆಲ್ಲ ಅದರ ಹಿಂದೆಯೇ ಬಿತ್ತು. ಅದು ಸರಿಹೋದದ್ದು 2018ರ ಅಕ್ಟೋಬರ್‌ನಲ್ಲಿ. ಅರೀಥಾ ಹೋಗಿ ಎರಡು ತಿಂಗಳಾಗಿತ್ತು. (ನಮ್ಮಲ್ಲಿ ಗಾಯಕರಿಗೂ ರಾಯಲ್ಟಿ ಅಂತ 2012ರಲ್ಲೇ ಕಾಯ್ದೆ ತಿದ್ದಿದ್ದಾರೆ. ಜಗಳ ನಿಂತಿಲ್ಲ. 2017ರಲ್ಲಿ ಎಸ್‌ಪಿಬಿ ಅಮೆರಿಕ ಪ್ರವಾಸದಲ್ಲಿದ್ದಾಗಲೇ ನನ್ನ ಹಾಡು ಅನುಮತಿ ಇಲ್ಲದೆ ಹಾಡಬೇಡಿ ಅಂತ ಇಳಯರಾಜ ಕಡೆಯಿಂದ ನೋಟಿಸ್ ಹೋಯಿತಲ್ಲ.)

ಸೋಲ್ ಸಂಗೀತದ ಇನ್ನೊಂದು ಊರು ಮೆಂಫಿಸ್, ಅದರ ಕಥೆ ಇನ್ನೊಂದು ಥರ. ಹಳೆ ಸಿನಿಮಾ ಥಿಯೇಟರನ್ನೇ ಸ್ಟುಡಿಯೋ ಮಾಡಿಕೊಂಡಿದ್ದ ಸ್ಟ್ಯಾಕ್ಸ್ ರೆಕಾರ್ಡ್ ಕಂಪನಿ 1975ರಲ್ಲಿ ದಿವಾಳಿ ಎದ್ದಿತು. 1989ರಲ್ಲಿ ಕಟ್ಟಡ ಕೆಡವಿದರು. ಕೆಡವಿದ ಮೇಲೆ ಅಯ್ಯೋ ಅನ್ನಿಸಿತು. 2003ರಲ್ಲಿ ಅದೇ ಜಾಗದಲ್ಲಿ ಅದೇ ಥರದ ಕಟ್ಟಡ ಕಟ್ಟಿ ಮ್ಯೂಸಿಯಂ ತೆರೆದರು. ಚೆನ್ನಾಗಿದೆಯಂತೆ. ಟಿಕೆಟ್ ಇದೆ.

2013ರ ಏಪ್ರಿಲ್‌ನಲ್ಲಿ ವೈಟ್‌ಹೌಸ್‌ನಲ್ಲೇ ಮೆಂಫಿಸ್ ಸೋಲ್ ಸಂಜೆ, ಅಮೆರಿಕದ ಸಾರ್ವಜನಿಕ ಟಿವಿ ಪಿಬಿಎಸ್‌ನಲ್ಲಿ ಪ್ರಸಾರ. ಓಟಿಸ್ ರೆಡಿಂಗ್ ಹಾಡು ಪಾಪ್ ಗಾಯಕ ಜಸ್ಟಿನ್ ಟಿಂಬರ್ಲೇಕ್ ಪಾಲಿಗೆ. ಹುಡುಗ ಮೆಂಫಿಸ್‌ನವನೇ, ಬಿಡಿ. ಹಳಬರಲ್ಲಿ ಮೇವಿಸ್ ಸ್ಟೇಪಲ್ಸ್, ವಿಲಿಯಂ ಬೆಲ್, ಎಡ್ಡಿ ಫ್ಲಾಯ್ಡ್, ಸ್ಯಾಮ್ ಮೂರ್ ಇದ್ದರು. ಇದೇ ಪಿಬಿಎಸ್‌ನ ಕೆಲವು ಕೇಂದ್ರಗಳು ಚಂದಾ ಎತ್ತುವ ವಾರಗಳಲ್ಲಿ ಹಳೆ ಸೋಲ್ ಗಾಯಕರ ಕಾರ್ಯಕ್ರಮ ಹಾಕುತ್ತವೆ. ಹಾಡು ಬಿಸಿ ಏರಿದ ಹೊತ್ತಿಗೆ ಸೂಟು ಹಾಕಿದವರು ಬಂದು, ಈ ಸಂಗೀತ ಉಳಿಯಬೇಕಾದರೆ ಫೋನ್ ಮಾಡಿ ದುಡ್ಡು ಕೊಡಿ, ಡಿವಿಡಿ ಕೊಡುತ್ತೇವೆ, ಬಟ್ಟೆ ಚೀಲ ಕೊಡುತ್ತೇವೆ ಅನ್ನುತ್ತಾರೆ. ಹನುಮಂತರಾಯ ಹಗ್ಗ ತಿನ್ನುವಾಗ ಪೂಜಾರಿ ಶಾವಿಗೆ ಕೇಳಿದ್ದು ಇಲ್ಲೇ ಇರಬೇಕು.

ಆ ಸ್ಯಾಮ್ ಮೂರ್, ರೇಡಿಯೋದವರು ಗಾಯಕರಿಗೂ ದುಡ್ಡು ಕೊಡಲಿ ಅಂತ ವರ್ಷಗಟ್ಟಲೆ ಓಡಾಡಿದರು. ವಾಷಿಂಗ್ಟನ್‌ಗೆ ಹೋಗಿ ಸಂಸದರ ಮುಂದೆ ಕೂತು ಹೇಳಿದರು. ಅದಕ್ಕಾಗಿ ಮಸೂದೆ 2021ರಲ್ಲಿ ಬಂತು, 2023ರಲ್ಲಿ ಬಂತು, 2025ರಲ್ಲಿ ಮತ್ತೆ ಬಂತು. ಮೂರ್ 2025ರ ಜನವರಿಯಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು. ರೇಡಿಯೋದವರ ವಾದ ಬದಲಾಗಿಲ್ಲ: ನಾವು ಹಾಡು ಹಾಕೋದೇ ನಿಮಗೆ ಪುಕ್ಕಟೆ ಪ್ರಚಾರ, ಅದರ ಮೇಲೆ ದುಡ್ಡು ಬೇರೆ ಕೊಡಬೇಕಾ? ಮಸೂದೆಗೆ ಎದುರಾಗಿ ಅವರ ಪರ ಒಂದು ಠರಾವೂ ಸಂಸತ್ತಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಹೆಸರು ಲೋಕಲ್ ರೇಡಿಯೋ ಫ್ರೀಡಂ ಆ್ಯಕ್ಟ್. ಸ್ವಾತಂತ್ರ್ಯ ಬೇಕಂತೆ, ಹಾಡಿದವರಿಗೆ ದುಡ್ಡು ಕೊಡದೇ ಇರೋದಕ್ಕೆ.