ಜಾತಕದ ಜೊತೆ ನಾಲ್ಕು ಅಕ್ಷರ

ನಮ್ಮ ಶಿರಸಿ ಸೀಮೆಯಲ್ಲಿ ಮಾಣಿಗಳಿಗೆ ಹೆಣ್ಣು ಹುಡುಕುವುದು ಎಂಥ ಪಾಡು ಅಂತ ಎಲ್ಲರಿಗೂ ಗೊತ್ತು. ತೋಟ ಎಷ್ಟು ಎಕರೆ, ಮನೆವರೆಗೆ ಕಾರು ಬರುತ್ತದಾ, ನೆಟ್‌ವರ್ಕ್ ಉಂಟಾ, ಎಲ್ಲಕ್ಕೂ ಉತ್ತರ ರೆಡಿ ಮಾಡಿಕೊಂಡು ಕೂತಿದ್ದೆವು. ಹೆಣ್ಣಿನ ಅಣ್ಣ ಬೆಂಗಳೂರಿನಲ್ಲಿ ಎಚ್‌ಆರ್. ಕವಳದ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದ: "ಹುಡುಗಂದು ಯಾವ ಟೈಪು?"

"ಕನ್ನಡ, ಇಂಗ್ಲಿಷ್ ಎರಡೂ ಬತ್ತು" ಅಂದರು ನಮ್ಮ ಭಾವ. ಅವರ ಕಾಲದಲ್ಲಿ ಟೈಪಿಂಗ್ ಸೀನಿಯರ್ ಮುಗಿಸಿದವನಿಗೆ ಬೆಲೆ ಇತ್ತು.

ಅವನು ಕೇಳಿದ್ದು ಸ್ವಭಾವದ ಟೈಪು. ಜಗತ್ತಿನಲ್ಲಿ ಇರುವುದು ಒಟ್ಟು 16 ಜಾತಿಯ ಮನುಷ್ಯರಂತೆ. ಒಬ್ಬೊಬ್ಬರಿಗೆ ನಾಲ್ಕು ಇಂಗ್ಲಿಷ್ ಅಕ್ಷರ. ಮನಶ್ಶಾಸ್ತ್ರಜ್ಞ ಕಾರ್ಲ್ ಯುಂಗ್ 1921ರಲ್ಲಿ ಬರೆದ ಪುಸ್ತಕವನ್ನು ಹಿಡಿದುಕೊಂಡು ಅಮೆರಿಕದ ತಾಯಿ-ಮಗಳು ಕೂತು ಮಾಡಿದ ಲೆಕ್ಕ ಇದು, ಹೆಸರು ಎಂಬಿಟಿಐ. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ನಮ್ಮ ಪುರೋಹಿತರಾದರೂ ಪಂಚಾಂಗ ಕಲಿತಿರುತ್ತಾರೆ.

ನನ್ನ ಅಕ್ಕನ ಮಗ ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತಾನೆ. ಸಂಜೆ ಅಟ್ಟ ಹತ್ತಿ, ಅಡಿಕೆ ಮೂಟೆಗೆ ಒರಗಿ ಜಾಜ್ ಗಿಟಾರ್ ನುಡಿಸುತ್ತಾನೆ. ಇದು ಗೊತ್ತಾಗಿದ್ದೇ ತಡ, ಎಚ್‌ಆರ್ ಕಣ್ಣರಳಿಸಿದ. "ಜಾಜ್ ಗಿಟಾರಾ? ಹಾಗಾದರೆ ಐಎನ್‌ಟಿಪಿ. ಮಾತು ಕಡಿಮೆ, ಮೋಡದಲ್ಲಿ ವಾಸ, ಟೈಮ್ ಸೆನ್ಸ್ ಇಲ್ಲ."

ಟೈಮ್ ಸೆನ್ಸ್ ಇಲ್ಲವಂತೆ! ಫ್ರೆಡ್ಡಿ ಗ್ರೀನ್ 1937ರಲ್ಲಿ ಕೌಂಟ್ ಬೇಸಿಯ ಜಾಜ್ ತಂಡ ಸೇರಿ ಹತ್ತಿರ ಹತ್ತಿರ 50 ವರ್ಷ ಗಿಟಾರಿನಲ್ಲಿ ಬರೀ ಲಯ ಹಿಡಿದು ಕೂತ ಮನುಷ್ಯ. ಸೋಲೋ ಬಾರಿಸಿದ್ದೇ ಅಪರೂಪ. ವೆಸ್ ಮಾಂಟ್ಗೊಮೆರಿ ಹಗಲು ಕಾರ್ಖಾನೆಯಲ್ಲಿ ದುಡಿದು, ರಾತ್ರಿ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ. ಅವನು ತಂತಿ ಮೀಟುವ ಪಿಕ್ ಬಿಟ್ಟು ಹೆಬ್ಬೆರಳಿನಲ್ಲೇ ನುಡಿಸಿದ್ದಕ್ಕೆ ಹೇಳುವ ಕಾರಣ, ಅಕ್ಕಪಕ್ಕದವರಿಗೆ ಸದ್ದಾಗಬಾರದು ಅಂತ. ಜಾಂಗೋ ರೈನ್‌ಹಾರ್ಟ್‌ನ ಎಡಗೈಯ ಎರಡು ಬೆರಳು 1928ರ ಬೆಂಕಿಯಲ್ಲಿ ಸುಟ್ಟು ಕೆಟ್ಟವು. ಉಳಿದ ಎರಡರಲ್ಲೇ ಯುರೋಪನ್ನು ಕುಣಿಸಿದ. ಸುಟ್ಟ ಬೆರಳಿಗೆ ಯಾವ ಅಕ್ಷರ ಕೊಡುವುದು?

ಆದರೂ ಹುಡುಗಿ ಮನೆಯವರಲ್ವಾ, ಸುಮ್ನೆ ಯಾಕೆ ರಗಳೆ ಅಂತ ಅಳಿಯ ಅಲ್ಲೇ ಫೋನು ಹಿಡಿದು ಟೆಸ್ಟಿಗೆ ಕೂತ. ಮೊದಲ ಪ್ರಶ್ನೆ: ಸಮಾರಂಭದಲ್ಲಿ ಹೊಸಬರನ್ನು ನೀವೇ ಹೋಗಿ ಮಾತಾಡಿಸುತ್ತೀರಾ? ನಮ್ಮ ಕಡೆ ಹೊಸಬರು ಎಲ್ಲಿದ್ದಾರೆ? ಎರಡು ನಿಮಿಷ ಕೆದಕಿದರೆ ನೆಂಟರೇ ಆಗುತ್ತಾರೆ. ಹೊಟ್ಟೆ ಹಸಿದಿತ್ತು, ಪಟಪಟ ಒತ್ತಿದ. ಐಎನ್‌ಟಿಪಿ ಬಂತು. ಎಚ್‌ಆರ್ ಬೀಗಿದ.

ಊಟಕ್ಕೆ ಎಬ್ಬಿಸಿದೆವು. ಎರಡು ಲೋಟ ಅಪ್ಪೆಹುಳಿ ಒಳಗೆ ಹೋಯಿತು. ತಮಾಷೆಗೆ ಅಂತ ಇನ್ನೊಮ್ಮೆ ಅದೇ ಟೆಸ್ಟ್ ಮಾಡಿದ. ಈ ಸಲ ಇಎಸ್‌ಎಫ್‌ಜೆ. ನಾಲ್ಕಕ್ಕೆ ನಾಲ್ಕೂ ಅಕ್ಷರ ಬದಲು! ಒಂದು ಅಪ್ಪೆಹುಳಿಗೆ ಇಷ್ಟು ಗುಣ ಇದೆ ಅಂತ ನಮಗೂ ಗೊತ್ತಿರಲಿಲ್ಲ.

ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಜ್ಜ ಆಗ ಬಾಯಿ ಬಿಟ್ಟರು. ಒಂದು ಕಾಲಕ್ಕೆ ತಾಳಮದ್ದಲೆಯ ಅರ್ಥಧಾರಿ. "ಆನು ಭೀಷ್ಮ ಆದ್ರೆ ತೂಕ ಮಾಡಿ ಮಾತಾಡ್ತಿ. ಕೃಷ್ಣ ಆದ್ರೆ ಎದುರಿನವಂಗೆ ಬಾಯಿ ತೆಗೆಯಲೂ ಬಿಡ್ತ್ನಿಲ್ಲೆ. ಎನಗೆ ಯಾವ ಅಕ್ಷರ ತಮಾ?"

ಎಚ್‌ಆರ್ ಫೋನು ಕೆಳಗಿಟ್ಟು ಲೋಟದ ನೀರು ಕುಡಿದ. ಅಷ್ಟೂ ಹೊತ್ತಿನಲ್ಲಿ ಒಬ್ಬನೇ ಒಬ್ಬ "ಒಂದು ನುಡಿಸು ನೋಡೋಣ" ಅನ್ನಲಿಲ್ಲ. ನಾನೂ ಅನ್ನಲಿಲ್ಲ ಬಿಡಿ.

ವಾರ ಬಿಟ್ಟು ದಲ್ಲಾಳಿ ಭಟ್ಟರ ಫೋನು ಬಂತು. ಜಾತಕ ಚೆನ್ನಾಗಿ ಕೂಡಿದೆಯಂತೆ. ಹುಡುಗಿಗೂ ಒಪ್ಪಿಗೆಯಂತೆ. ಮೊದಲ ಟೆಸ್ಟಿನ ಕೊನೆಯ 'ಪಿ' (ಬಂದ ಹಾಗೆ ನೋಡೋಣ ಅನ್ನುವವರ ಅಕ್ಷರ) ಒಂದು ಮಾತ್ರ ಅವಳ 'ಜೆ'ಗೆ (ಎಲ್ಲ ಮೊದಲೇ ಪ್ಲಾನ್ ಆಗಬೇಕು ಅನ್ನುವವರ ಅಕ್ಷರ) ಅಡ್ಡ ಬರುತ್ತಿದೆಯಂತೆ.

"ಅದಕ್ಕೆ ಏನು ಮಾಡುವುದು ಭಟ್ಟರೇ?"

"ಶಾಂತಿ ಗೀಂತಿ ಎಂತದೂ ಬೇಡ ಮಾರಾಯಾ. ಇನ್ನೊಂದು ಸಲ ಟೆಸ್ಟಿಗೆ ಕೂರಿಸಿ. ಊಟ ಆದ ಮೇಲೆ."