ನಿನ್ನ ಕೈಯಡುಗೆ ತಿಂದೆ, ನಿನ್ನನ್ನು ನೋಡಲಾಗಲಿಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ಹಬ್ಬದ ಊಟಕ್ಕೆ ನಮ್ಮ ಮನೆಗೆ 22 ಜನ ಬಂದಿದ್ದರು. ಊಟ ಚೆನ್ನಾಗಿಯೇ ಆಯಿತು. ಯಾವುದೂ ಸೀದುಹೋಗಲಿಲ್ಲ, ಯಾರಿಗೂ ಕಡಿಮೆ ಬೀಳಲಿಲ್ಲ. ಎಲ್ಲರೂ ಹೊರಟು ನಿಂತಾಗ ಚಿಕ್ಕಮ್ಮ ಬಾಗಿಲಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, "ನಿನ್ನ ಕೈಯಡುಗೆ ತಿಂದೆ ಮಗಳೇ, ನಿನ್ನನ್ನು ನೋಡಲಾಗಲಿಲ್ಲ" ಎಂದರು. ಅವರು ನಮ್ಮ ಮನೆಗೆ ಬಂದು ನಾಲ್ಕು ವರ್ಷಗಳಾಗಿದ್ದವು. ಬೆಳಗ್ಗೆ ಹನ್ನೊಂದಕ್ಕೆ ಬಂದವರು ಸಂಜೆ ಐದರವರೆಗೆ ಇದ್ದರು. ಆ ಆರು ಗಂಟೆಗಳಲ್ಲಿ ನಾನು ಅವರೊಡನೆ ಆಡಿದ್ದು "ಇನ್ನು ಸ್ವಲ್ಪ ಬಡಿಸಲೇ?" ಎಂಬ ಒಂದೇ ಮಾತು.

ಆ ರಾತ್ರಿ ಪಾತ್ರೆಗಳ ರಾಶಿಯ ಮುಂದೆ ನಿಂತಾಗ ಕಣ್ಣು ತುಂಬಿ ಬಂತು. ದಣಿವಿಗೆ ಹೀಗಾಗಿದೆ ಎಂದು ಮನೆಯವರು ಅಂದುಕೊಂಡರು. ದಣಿವು ನನಗೆ ಹೊಸದೇನಲ್ಲ. ಬಿಡುವಿರುವ ಭಾನುವಾರ ಐದಾರು ಗಂಟೆ ಒಲೆಯ ಮುಂದೆ ನಿಂತರೂ ಮನಸ್ಸು ಹಗುರವಾಗಿಯೇ ಇರುತ್ತದೆ. ಹಾಗಾದರೆ ಆ ದಿನ ನನ್ನನ್ನು ಹಿಂಡಿ ಹಾಕಿದ್ದು ಯಾವುದು? ಹಲವು ದಿನ ಇದನ್ನೇ ಯೋಚಿಸಿದೆ. ಉತ್ತರ ಸಿಕ್ಕಿದ್ದು ಆ ದಿನ ನಮ್ಮ ಮನೆಯಲ್ಲಿ ಕೇಳಿಬಂದ ಪ್ರಶ್ನೆಗಳಲ್ಲಿ. ದೊಡ್ಡ ಪಾತ್ರೆ ಎಲ್ಲಿದೆ? ಒಲೆಯ ಮೇಲೆ ಮೊದಲು ಯಾವುದನ್ನು ಇಡಬೇಕು? ಇದನ್ನು ಫ್ರಿಜ್ಜಿನಲ್ಲಿ ಎಲ್ಲಿ ಇಡಲಿ? ಖಾರ ತಿನ್ನದ ಮಕ್ಕಳಿಗೆ ಏನು ಮಾಡಿದ್ದೀರಿ? ಒಂದೊಂದೂ ಅರ್ಧ ನಿಮಿಷದ ಪ್ರಶ್ನೆ. ಆದರೆ ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ಅಂಥ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಬೇಕಾದವಳು ನಾನೊಬ್ಬಳೇ ಆಗಿದ್ದೆ. ಕೈ ಅಡುಗೆ ಮಾಡುತ್ತಿತ್ತು, ತಲೆಯಲ್ಲಿ ಬೇರೆಯೇ ಒಂದು ಕುದಿಯುತ್ತಿತ್ತು.

ಅಂದಿನಿಂದ ನನ್ನದು ಒಂದೇ ಹಟ. ಹಬ್ಬದ ದಿನ ಹೊಸದಾಗಿ ಯಾವುದನ್ನೂ ತೀರ್ಮಾನಿಸಬಾರದು. ತೀರ್ಮಾನಗಳೆಲ್ಲ ಮೊದಲೇ ಆಗಿರಬೇಕು, ಕಾಗದದ ಮೇಲಿರಬೇಕು, ಆ ಕಾಗದ ಎಲ್ಲರ ಕಣ್ಣಿಗೆ ಬೀಳುವ ಕಡೆ ಇರಬೇಕು. ಆ ದಿನಕ್ಕೆ ಉಳಿಯಬೇಕಾದದ್ದು ಕೈಕೆಲಸ ಮಾತ್ರ.

ಇದನ್ನು ಹೇಳಿದಾಗಲೆಲ್ಲ ಯಾರಾದರೊಬ್ಬರು, "ಮನೆ ಏನು ಕಚೇರಿಯೇ? ಎಲ್ಲವನ್ನೂ ಬರೆದಿಟ್ಟರೆ ಹಬ್ಬದ ಸಡಗರ ಎಲ್ಲಿ ಉಳಿಯುತ್ತದೆ? ನಮ್ಮ ಅಮ್ಮಂದಿರು ಏನನ್ನು ಬರೆದಿಟ್ಟಿದ್ದರು?" ಎಂದು ಕೇಳುತ್ತಾರೆ. ನಿಜ, ನನ್ನ ಅಮ್ಮ ಏನನ್ನೂ ಬರೆದಿಡುತ್ತಿರಲಿಲ್ಲ. ಎಲ್ಲವೂ ಅವಳ ತಲೆಯಲ್ಲೇ ಇರುತ್ತಿತ್ತು. ಜೊತೆಗೆ ಅವಳ ಸುತ್ತ ಹೆಚ್ಚಲು, ತಿರುವಲು, ತೊಳೆಯಲು ನಾಲ್ಕು ಹೆಂಗಸರು ಇರುತ್ತಿದ್ದರು. ಆದರೂ ನನ್ನನ್ನು ಬಹಳ ದಿನ ಕಾಡಿದ ಮಾತೊಂದಿದೆ: ಹಬ್ಬದ ದಿನ ಅಮ್ಮ ಊಟಕ್ಕೆ ಕೂತದ್ದು ಎಷ್ಟು ಹೊತ್ತಿಗೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅಣ್ಣನನ್ನು ಕೇಳಿದೆ, ಅಕ್ಕನನ್ನು ಕೇಳಿದೆ. ಅವಳು ಬಡಿಸುತ್ತಿದ್ದದ್ದು ಎಲ್ಲರಿಗೂ ನೆನಪಿದೆ. ಅವಳು ಉಂಡದ್ದನ್ನು ಕಂಡವರಿಲ್ಲ. ಆ ಸಡಗರವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಅದರ ಬೆಲೆಯನ್ನು ಒಬ್ಬಳೇ ತೆತ್ತಳು ಎಂಬುದನ್ನಂತೂ ಮರೆಯಲಾರೆ.

ಬರೆದಿಡುವುದರಿಂದ ಮನಸ್ಸು ಹಗುರವಾಗುತ್ತದೆ ಎಂಬುದು ನನ್ನೊಬ್ಬಳ ಅನುಭವವಲ್ಲ. ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಇಬ್ಬರು ಮನೋವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದೇ ವಿಷಯದ ಮೇಲಿದ್ದವು. ಮುಗಿಯದ ಕೆಲಸ ಮನಸ್ಸನ್ನು ಕೊರೆಯುತ್ತಲೇ ಇರುತ್ತದೆ, ಬೇರೆ ಕೆಲಸಕ್ಕೂ ಅಡ್ಡಿಯಾಗುತ್ತದೆ. ಆದರೆ ಅದನ್ನು ಯಾವಾಗ, ಹೇಗೆ ಮಾಡುತ್ತೇವೆ ಎಂದು ಖಚಿತವಾಗಿ ಗೊತ್ತುಮಾಡಿಕೊಂಡರೆ ಸಾಕು, ಕೆಲಸ ಇನ್ನೂ ಬಾಕಿ ಇದ್ದರೂ ಕೊರೆತ ಇಳಿಯುತ್ತದೆ ಎಂದು ಅವರು ಕಂಡುಕೊಂಡರು. ಹಬ್ಬದ ಹಿಂದಿನ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಮೊಸರಿನ ಲೆಕ್ಕ ಹಾಕಿದವರಿಗೆ ಇದರ ಅರ್ಥ ತಕ್ಷಣ ಆಗುತ್ತದೆ. "ಮೊಸರು ಬೇಕು" ಎಂದು ಬರೆದರೆ ನಿದ್ದೆ ಬರುವುದಿಲ್ಲ. "ಮೊಸರು, ಮೂರು ಲೀಟರ್, ಹಿಂದಿನ ದಿನ ಸಂಜೆ, ತರುವವನು ತಮ್ಮ" ಎಂದು ಬರೆದರೆ ಬರುತ್ತದೆ.

ನನ್ನ ಹಾಳೆ ಶುರುವಾಗುವುದು ಊಟಕ್ಕೆ ಕೂರುವ ಹೊತ್ತಿನಿಂದ. ಒಂದು ಗಂಟೆಗೆ ಎಲೆಯೋ ತಟ್ಟೆಯೋ ಹಾಕಬೇಕೆಂದರೆ ಅಲ್ಲಿಂದ ಹಿಂದಕ್ಕೆ ಎಣಿಸುತ್ತೇನೆ. ಬಿಸಿಬಿಸಿಯಾಗಿಯೇ ಬಡಿಸಬೇಕಾದದ್ದು ಒಲೆಗೆ ಹೋಗುವುದು 12:20ಕ್ಕೆ. ಅದಕ್ಕೆ ಮೊದಲು ಆ ಒಲೆ ಖಾಲಿಯಾಗಬೇಕು, ಹಾಗಾಗಿ ಅದರ ಮೇಲಿದ್ದದ್ದು 12:15ಕ್ಕೆ ಇಳಿಯಬೇಕು. ಹೀಗೆ ಹಿಂದಕ್ಕೆ ಹಿಂದಕ್ಕೆ ಹೋದರೆ ಬೆಳಗಿನ ಆರು ಗಂಟೆ ಬರುತ್ತದೆ, ಅದಕ್ಕೂ ಹಿಂದಕ್ಕೆ ಹೋದರೆ ಹಿಂದಿನ ದಿನ. ಈ ಲೆಕ್ಕ ಹಾಕುವಾಗಲೇ ಒಂದು ಸತ್ಯ ಎದ್ದು ಕಾಣುತ್ತದೆ: ಅಡುಗೆಮನೆಯಲ್ಲಿ ಕೊರತೆ ಬೀಳುವುದು ಸಾಮಾನ್ಯವಾಗಿ ಕೈಗಳಿಗಲ್ಲ, ಒಲೆಗೆ. ನಾಲ್ಕು ಉರಿಗಳ ಒಲೆಯಲ್ಲಿ ಕೊನೆಯ ಮುಕ್ಕಾಲು ಗಂಟೆಯಲ್ಲಿ ಆರು ಪದಾರ್ಥ ಸಿದ್ಧವಾಗಲಾರವು. ಎಷ್ಟೇ ಜನ ನೆರವಿಗೆ ನಿಂತರೂ ಅಷ್ಟೇ. ಇದು ಹಾಳೆಯ ಮೇಲೆ ಕಂಡ ದಿನ ನಾನು ಎರಡು ಪದಾರ್ಥಗಳನ್ನು ಹೊಡೆದು ಹಾಕಿದೆ. ಅವು ಇಲ್ಲದ್ದನ್ನು ಯಾರೂ ಗಮನಿಸಲಿಲ್ಲ.

ಸಮಯದ ಅಂದಾಜಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ನಾವೆಲ್ಲ ಮುಗ್ಗರಿಸುವುದು ಇಲ್ಲೇ. ನಮ್ಮದೇ ಕೆಲಸಕ್ಕೆ ಹಿಡಿಯುವ ಸಮಯವನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಈ ಸ್ವಭಾವಕ್ಕೆ ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲೇ "ಪ್ಲಾನಿಂಗ್ ಫ್ಯಾಲಸಿ", ಅಂದರೆ ಯೋಜನೆಯ ಭ್ರಮೆ, ಎಂಬ ಹೆಸರು ಕೊಟ್ಟರು. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಬೇಕು ಎಂದಿದ್ದರು, ಹಿಡಿದದ್ದು ಸರಾಸರಿ 55 ದಿನ. ಅಡುಗೆಮನೆಯಲ್ಲಿ ಇದು ಇನ್ನೂ ಜೋರು. ನಾಲ್ಕು ಜನರ ಅಡುಗೆಗೆ ಅರ್ಧ ಗಂಟೆಯಾದರೆ ಇಪ್ಪತ್ತು ಜನರ ಅಡುಗೆಗೆ ಇನ್ನು ಸ್ವಲ್ಪ ಹೊತ್ತು ಎಂದುಕೊಳ್ಳುತ್ತೇವೆ. ಆದರೆ ದೊಡ್ಡ ಪಾತ್ರೆಯಲ್ಲಿ ಪದಾರ್ಥ ಐದು ಪಟ್ಟಾದರೂ ತಳ ಐದು ಪಟ್ಟಾಗುವುದಿಲ್ಲ, ಉರಿಯಂತೂ ಅಷ್ಟೇ ಇರುತ್ತದೆ. ಹಾಗಾಗಿ ಕುದಿ ಬರುವುದೇ ಬಹಳ ತಡ. ಆವಿಯಾಗುವುದು ಮೇಲ್ಮೈಯಿಂದ ಮಾತ್ರವಾದ್ದರಿಂದ ನೀರನ್ನೂ ಐದು ಪಟ್ಟು ಹಾಕಿದರೆ ತೆಳ್ಳಗಾಗುತ್ತದೆ, ಬತ್ತಿಸಲು ಮತ್ತೆ ಅರ್ಧ ಗಂಟೆ ಹೋಗುತ್ತದೆ. ನಾನು ಈಗ ಮನಸ್ಸಿಗೆ ತೋಚಿದ ಸಮಯವನ್ನು ನಂಬುವುದಿಲ್ಲ. ಕಳೆದ ಬಾರಿ ನಿಜವಾಗಿ ಎಷ್ಟು ಹಿಡಿಯಿತು ಎಂದು ಬರೆದಿಟ್ಟದ್ದನ್ನು ನೋಡುತ್ತೇನೆ. ಹಾಗೆ ಬರೆದಿಟ್ಟಿಲ್ಲದ ಪದಾರ್ಥವನ್ನು, ಅಂದರೆ ಎಂದೂ ಮಾಡದ್ದನ್ನು, ಹಬ್ಬದ ದಿನ ಮೊದಲ ಬಾರಿ ಮಾಡುವುದೇ ಇಲ್ಲ.

ಯಾವುದನ್ನು ಮೊದಲೇ ಮಾಡಿಡಬಹುದು, ಯಾವುದನ್ನು ಮಾಡಿಡಬಾರದು ಎಂಬ ವಿವೇಕ ಬೇಕು. ಪುಡಿಗಳು, ಅರೆದಿಟ್ಟುಕೊಳ್ಳುವಂಥವು, ಸಕ್ಕರೆ ಪಾಕದ ಸಿಹಿಗಳು ಒಂದೆರಡು ದಿನ ಮೊದಲೇ ಆಗಬಹುದು. ಕರಿದದ್ದು ಮೆತ್ತಗಾಗುತ್ತದೆ. ಹಸಿ ತರಕಾರಿಗೆ ಉಪ್ಪು ಬೆರೆಸಿಟ್ಟರೆ ನೀರೊಡೆಯುತ್ತದೆ, ಹೆಚ್ಚಿಟ್ಟುಕೊಂಡು ಉಪ್ಪನ್ನು ಕೊನೆಗೆ ಬೆರೆಸಬೇಕು. ದೊಡ್ಡ ಹೋಟೆಲುಗಳ ಅಡುಗೆಯವರು ಬಳಸುವ "ಮೀಸ್ ಆನ್ ಪ್ಲಾಸ್" ಎಂಬ ಫ್ರೆಂಚ್ ಮಾತಿನ ಅರ್ಥ ಇಷ್ಟೇ: ಒಲೆ ಹೊತ್ತುವ ಮೊದಲೇ ಹೆಚ್ಚಿದ್ದು, ಅಳೆದದ್ದು, ತೊಳೆದದ್ದು ಎಲ್ಲವೂ ಅದರದರ ಜಾಗದಲ್ಲಿ ಇರುವುದು. ಹಿಂದಿನ ರಾತ್ರಿ ಇದಕ್ಕೆಂದು ಕೊಟ್ಟ ಒಂದು ಗಂಟೆ ಮರುದಿನ ಮೂರು ಗಂಟೆಗಳ ಗಡಿಬಿಡಿಯನ್ನು ತಪ್ಪಿಸಿದ್ದನ್ನು ನಾನು ಕಂಡಿದ್ದೇನೆ.

ಆದರೆ ಮೊದಲೇ ಮಾಡಿಡುವ ಹುಮ್ಮಸ್ಸಿನಲ್ಲಿ ಒಂದು ಎಚ್ಚರ ತಪ್ಪಬಾರದು. ಬೇಯಿಸಿದ ಆಹಾರವನ್ನು ಕೋಣೆಯ ಬಿಸಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು, ತಣ್ಣಗಿಡುವುದಾದರೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಬಿಸಿಯಾಗಿಡುವುದಾದರೆ 60 ಡಿಗ್ರಿಗಿಂತ ಮೇಲೆ ಇಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಎರಡರ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತದೆ. ಅನ್ನದ ವಿಷಯದಲ್ಲಂತೂ ನಾನು ಕಟ್ಟುನಿಟ್ಟು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ, ಅನ್ನ ಹೊರಗೇ ಉಳಿದರೆ ಮೊಳೆತು ವಿಷ ಬಿಡುತ್ತವೆ. ಆ ವಿಷಗಳಲ್ಲಿ ಒಂದು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಇನ್ನು, ದೊಡ್ಡ ಪಾತ್ರೆಯನ್ನು ತುಂಬಿದ ಹಾಗೆಯೇ ಫ್ರಿಜ್ಜಿಗೆ ತುರುಕಿದರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಪಕ್ಕದ್ದನ್ನೂ ಬೆಚ್ಚಗೆ ಮಾಡುತ್ತದೆ. ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಹಂಚಿ ಇಡಬೇಕು. ಅದಕ್ಕೆ ಜಾಗ ಬೇಕು. ಹಾಗಾಗಿ ಹಬ್ಬಕ್ಕೆ ಒಂದು ವಾರ ಇರುವಾಗ ನನ್ನ ಮೊದಲ ಕೆಲಸ ಫ್ರಿಜ್ಜನ್ನು ಖಾಲಿ ಮಾಡುವುದು. ಮನೆಗೆ ಬಂದವರಲ್ಲಿ ವಯಸ್ಸಾದವರೂ ಇರುತ್ತಾರೆ, ಎಳೆಯ ಮಕ್ಕಳೂ ಇರುತ್ತಾರೆ. ನಂಬಿಕೆಯಿಂದ ಉಣ್ಣುವವರಿಗೆ ಬಡಿಸುವಾಗ ಇಷ್ಟು ಜವಾಬ್ದಾರಿ ಬೇಡವೇ?

ಈಗ ನನ್ನನ್ನು ಹೆಚ್ಚು ಕೆರಳಿಸುವ ಮಾತಿಗೆ ಬರುತ್ತೇನೆ. "ಏನಾದರೂ ಮಾಡಬೇಕಿದ್ದರೆ ಹೇಳು." ಎಷ್ಟು ಒಳ್ಳೆಯ ಮನಸ್ಸಿನಿಂದ ಹೇಳಿದರೂ ಈ ಮಾತು ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಇನ್ನೊಂದು ಕೆಲಸ ಕೊಡುತ್ತದೆ. ಏನು ಬೇಕೆಂದು ನೋಡಬೇಕಾದವಳು ನಾನು, ಯಾರಿಗೆ ಯಾವುದು ಆಗುತ್ತದೆ ಎಂದು ತೂಗಬೇಕಾದವಳು ನಾನು, ಹೇಳಬೇಕಾದವಳು ನಾನು, ಆಯಿತೇ ಎಂದು ಮತ್ತೆ ನೋಡಬೇಕಾದವಳೂ ನಾನು. ಸಮಾಜವಿಜ್ಞಾನಿ ಆಲಿಸನ್ ಡೇಮಿಂಜರ್ 35 ದಂಪತಿಗಳನ್ನು ಸಂದರ್ಶಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯ ಈ ಕಾಣದ ಕೆಲಸವನ್ನು ನಾಲ್ಕಾಗಿ ಬಿಡಿಸಿದ್ದಾರೆ: ಮುಂದೆ ಬರುವ ಅಗತ್ಯವನ್ನು ಊಹಿಸುವುದು, ದಾರಿಗಳನ್ನು ಹುಡುಕುವುದು, ತೀರ್ಮಾನಿಸುವುದು, ಆಮೇಲೆ ಆಯಿತೋ ಇಲ್ಲವೋ ನೋಡುವುದು. ತೀರ್ಮಾನಿಸುವಾಗ ಗಂಡಸರೂ ಜೊತೆಗಿರುತ್ತಾರೆ. ಮೊದಲನೆಯದು ಮತ್ತು ಕೊನೆಯದು ಹೆಚ್ಚಾಗಿ ಹೆಂಗಸರ ಪಾಲಿಗೇ ಬೀಳುತ್ತವೆ ಎಂದು ಅವರು ಕಂಡರು. ಅದನ್ನು ಓದಿದಾಗ ನನ್ನ ಅಮ್ಮ ಕಣ್ಣ ಮುಂದೆ ಬಂದಳು.

ಹಾಳೆಯನ್ನು ಗೋಡೆಗೆ ಅಂಟಿಸಿದ ಮೊದಲ ವರ್ಷವೇ ನಮ್ಮ ಮನೆಯಲ್ಲಿ ಬದಲಾವಣೆ ಬಂತು. ನನ್ನ ತಲೆಯಲ್ಲಿದ್ದದ್ದು ಈಗ ಎಲ್ಲರೂ ಓದಬಹುದಾದ ಜಾಗದಲ್ಲಿತ್ತು. ಹತ್ತು ಗಂಟೆಯ ಸಾಲನ್ನು ಓದಿಕೊಂಡು ಗಂಡ ತಾವಾಗಿಯೇ ಕುಡಿಯುವ ನೀರು ತುಂಬಿಸಿಟ್ಟರು. ಮಗ ತನ್ನ ಹೆಸರಿನ ಎದುರಿದ್ದ ಕೆಲಸ ಮುಗಿಸಿ ಗೆರೆ ಎಳೆದ, ಆಮೇಲೆ ತನ್ನದಲ್ಲದ ಒಂದನ್ನೂ ಮಾಡಿ ಗೆರೆ ಎಳೆದ. ಬಡಿಸುವ ಪಾತ್ರೆಗಳನ್ನೆಲ್ಲ ಹಿಂದಿನ ರಾತ್ರಿಯೇ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದರಲ್ಲೂ ಅದಕ್ಕೆ ಬರಬೇಕಾದ ಪದಾರ್ಥದ ಹೆಸರು ಬರೆದ ಚೀಟಿ ಹಾಕಿದ್ದೆ. ಯಾವ ಪಾತ್ರೆ, ಯಾವ ಸೌಟು ಎಂದು ಯಾರೂ ಬಂದು ಕೇಳಲಿಲ್ಲ. ಆ ಮೌನದಲ್ಲಿ ಎಷ್ಟು ಸುಖವಿತ್ತೆಂದು ಅದನ್ನು ಕಂಡವರಿಗೇ ಗೊತ್ತು.

ಬರುವವರು "ನಾನೇನು ತರಲಿ?" ಎಂದು ಕೇಳಿದರೆ "ಏನೂ ಬೇಡ, ನೀವು ಬಂದರೆ ಸಾಕು" ಎನ್ನುವುದನ್ನು ನಾನು ಬಿಟ್ಟಿದ್ದೇನೆ. ಹಾಗೆಂದರೆ ಅವರು ಬರಿಗೈಯಲ್ಲಿ ಬರುವುದಿಲ್ಲ. ಐದು ಜನ ಐದು ಡಬ್ಬ ಸಿಹಿ ತರುತ್ತಾರೆ. ಅದರ ಬದಲು "ಅತ್ತಿಗೆ, ಹತ್ತು ಜನರಿಗಾಗುವಷ್ಟು ಹಣ್ಣು ಹೆಚ್ಚಿ, ಮುಚ್ಚಳವಿರುವ ಡಬ್ಬದಲ್ಲಿ ತನ್ನಿ, ಹನ್ನೆರಡೂವರೆಗೆ ಇಲ್ಲಿರಲಿ" ಎಂದೇ ಹೇಳುತ್ತೇನೆ. ಮೊದಲು ಸಂಕೋಚವಾಗುತ್ತಿತ್ತು. ಅತ್ತಿಗೆಯ ಮುಖದ ಸಮಾಧಾನ ನೋಡಿದ ಮೇಲೆ ಸಂಕೋಚ ಹೋಯಿತು. ಖಚಿತವಾಗಿ ಕೇಳಿದರೆ ಜನರಿಗೆ ಹಿತವೇ ಆಗುತ್ತದೆ, ತಾವೂ ಈ ಊಟಕ್ಕೆ ಸೇರಿದವರು ಅನ್ನಿಸುತ್ತದೆ. ಯಾರಿಗೆ ಯಾವುದು ಆಗುವುದಿಲ್ಲ, ಕಡಲೆಕಾಯಿಯೋ ಹಾಲೋ ಒಗ್ಗದವರು ಇದ್ದಾರೆಯೇ ಎಂಬುದನ್ನೂ ಅದೇ ಕರೆಯಲ್ಲಿ ಕೇಳಿ ಬರೆದುಕೊಳ್ಳುತ್ತೇನೆ.

ಹಾಗೆಂದು ಎಲ್ಲವೂ ಹಾಳೆಯಂತೆಯೇ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಹೋದ ವರ್ಷ ಕರೆಯದ ಮೂವರು ಜೊತೆಗೆ ಬಂದರು. ಊಟದ ಹೊತ್ತಿಗೆ ಕಾಲು ಗಂಟೆ ಇರುವಾಗ ವಿದ್ಯುತ್ ಹೋಯಿತು, ರುಬ್ಬುವ ಕೆಲಸವೊಂದು ಹಾಗೆಯೇ ನಿಂತಿತು. ಆದರೆ ಅದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಆಗಿತ್ತು. ಹಾಗಾಗಿ ಯೋಚಿಸಲು ನನಗೆ ತಲೆ ಖಾಲಿ ಇತ್ತು. ರುಬ್ಬಬೇಕಾದದ್ದನ್ನು ಬಿಟ್ಟೆವು, ತಟ್ಟೆಗಳಿಗೆ ಮೂರು ಸೇರಿಸಿದೆವು, ಊಟ ಹತ್ತು ನಿಮಿಷ ತಡವಾಯಿತು. ಅಷ್ಟೇ ಆಯಿತು.

ಅವತ್ತು ಚಿಕ್ಕಮ್ಮನೂ ಬಂದಿದ್ದರು. ಮೊದಲ ಪಂಕ್ತಿಯಲ್ಲೇ ಅವರ ಪಕ್ಕ ಕೂತು ಉಂಡೆ. ಬಡಿಸಿದವನು ತಮ್ಮ. ಮಂಡಿನೋವಿನ ಕಥೆಯನ್ನೂ, ಮೊಮ್ಮಗಳು ಸೈಕಲ್ ಕಲಿತ ಕಥೆಯನ್ನೂ ಪೂರ್ತಿ ಕೇಳಿದೆ. ನಡುವೆ ಎರಡು ಬಾರಿ ಅಭ್ಯಾಸಬಲದಿಂದ ಏಳಲು ಹೋದಾಗ ಅವರು ನನ್ನ ಮಣಿಕಟ್ಟು ಹಿಡಿದು ಕೂರಿಸಿದರು.

ಎಲ್ಲರೂ ಹೋದ ಮೇಲೆ ಮಲಗುವ ಮೊದಲು ಗೋಡೆಯಿಂದ ಹಾಳೆ ಬಿಡಿಸಿ, ಹಿಂಬದಿಯಲ್ಲಿ ಬರೆದಿಟ್ಟೆ: ಸಿಹಿ ಅರ್ಧದಷ್ಟು ಉಳಿಯಿತು, ಮುಂದಿನ ಬಾರಿ ಕಡಿಮೆ ಮಾಡುವುದು. ದೊಡ್ಡ ಸೌಟು ಇನ್ನೊಂದು ಬೇಕು. ರುಬ್ಬುವುದೆಲ್ಲ ಹಿಂದಿನ ದಿನವೇ. ಚಿಕ್ಕಮ್ಮನಿಗೆ ಬೆನ್ನಿರುವ ಕುರ್ಚಿ.