ಸತ್ಯಾಂಶ: ಭಾವನೆ ಗಾಢವಾಗಿದ್ದರೆ ನೆನಪು ತಪ್ಪುವುದಿಲ್ಲವೇ?

ದಾವಣಗೆರೆಯ ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಸುತ್ತುವ ಸಂದೇಶವೊಂದರ ಸಾರ ಇಷ್ಟು: ಅತ್ತು ಅನುಭವಿಸಿದ್ದು ಮರೆಯುವುದಿಲ್ಲ, ಆದ್ದರಿಂದ ಖಿನ್ನತೆಯುಳ್ಳವರು ಹಳೆಯದನ್ನು ತಪ್ಪಾಗಿ ಹೇಳಿದರೆ ಅದು ಸುಳ್ಳೇ. ಇದು ಸರಿಯಲ್ಲ. ನೆನಪು ಚಿತ್ರೀಕರಣವಲ್ಲ, ಮನಸ್ಸು ಅದನ್ನು ಪ್ರತಿ ಬಾರಿಯೂ ತುಣುಕುಗಳಿಂದ ಮರಳಿ ಕಟ್ಟುತ್ತದೆ. 1986ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ಸ್ಫೋಟಗೊಂಡ ಮರುದಿನವೇ, ಸುದ್ದಿ ತಮಗೆ ತಿಳಿದ ಬಗೆಯನ್ನು ಬರೆದುಕೊಟ್ಟಿದ್ದ ವಿದ್ಯಾರ್ಥಿಗಳಲ್ಲಿ ಅನೇಕರು, ಸುಮಾರು ಎರಡೂವರೆ ವರ್ಷಗಳ ನಂತರ ಬೇರೆಯದೇ ಕಥೆಯನ್ನು ಪೂರ್ಣ ವಿಶ್ವಾಸದಿಂದ ಹೇಳಿದರು. ಅವರು ಸುಳ್ಳುಗಾರರಾಗಿರಲಿಲ್ಲ.

ಖಿನ್ನತೆಯಲ್ಲಿ ಮನಸ್ಸು ನೋವಿನ ಅರ್ಥಗಳ ಕಡೆಗೇ ವಾಲುವುದರಿಂದ, ಓದಿ ಹೇಳಿದ ಪಟ್ಟಿಯಲ್ಲಿ ಇರದಿದ್ದ ನೋವಿನ ಪದಗಳನ್ನೂ ಕೇಳಿದಂತೆ ನೆನೆಯುವುದು ಹೆಚ್ಚೆಂದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ. ಹಾಗೆಂದು ಖಿನ್ನತೆಯುಳ್ಳವರ ನೆನಪೆಲ್ಲ ಹುಸಿಯೆನ್ನುವುದೂ ಅಷ್ಟೇ ತಪ್ಪು.

ಕೇಳದ ಪದವನ್ನೂ ಕೇಳಿದಂತೆ ಯಾರಾದರೂ ನೆನೆಯಬಹುದೆಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬೆಣ್ಣೆ, ಕಾವಲಿ, ಹಿಟ್ಟು, ಚಟ್ನಿ, ಪಲ್ಯ ಮುಂತಾದ ಹನ್ನೆರಡು ಪದಗಳನ್ನು, ದೋಸೆ ಎಂಬುದೊಂದನ್ನು ಬಿಟ್ಟು, ಮನೆಯವರಿಗೆ ಓದಿ ಹೇಳಿ, ಕೆಲವು ನಿಮಿಷಗಳ ನಂತರ ನೆನಪಿರುವುದನ್ನು ಬರೆಯಿಸಿರಿ. ನಮ್ಮೂರಿನಲ್ಲಂತೂ ದೋಸೆಯನ್ನು ಕೇಳಿದೆವೆಂದು ಕೆಲವರಾದರೂ ಆಣೆ ಮಾಡಿಯಾರು. ಇಂಥ ಸಂದೇಶ ಬಂದಾಗ ಯಾರನ್ನು, ಯಾವಾಗ, ಹೇಗೆ ಪರೀಕ್ಷಿಸಿದರೆಂಬ ವಿವರ ಅದರಲ್ಲಿದೆಯೇ ಎಂದೂ ಹುಡುಕಿರಿ.